ಹದಿನಾಲ್ಕರ ತಳ

ಬೆರಳು ಜಾರಿ ಒಂದು ಸೊನ್ನೆ ಹೆಚ್ಚಿಗೆ ಬಿದ್ದದ್ದು ಅವಳಿಗೆ ತಿಳಿದದ್ದು ಅಂಕಿ ಕುಸಿದ ಮೇಲೆಯೇ. ಮಷೀನಿನಲ್ಲಿ ಲೆಕ್ಕ ಅರವತ್ತು ಸುತ್ತು ಓಡಲಿ ಎಂದು ಒತ್ತಬೇಕಾದ ಕಡೆ ಆರುನೂರು ಎಂದು ಒತ್ತಿ, ಲೋಟ ತೊಳೆದುಕೊಂಡು ಬರಲು ಹೋಗಿದ್ದಳು. ಮಾಡಬೇಕಾಗಿದ್ದ ಕೆಲಸವೂ ಅಷ್ಟು ದೊಡ್ಡದಲ್ಲ. ಕೊಕ್ಕರೆ ಎಂದು ಎಲ್ಲರೂ ಕರೆಯುವ ವಿದ್ಯಾರ್ಥಿಯ ಥೀಸಿಸ್ಸಿನ ಒಂದು ಚಿತ್ರದಲ್ಲಿ ಗೆರೆ ತೀರಾ ತೆಳುವಾಗಿತ್ತು, ಹಿಂದಿನ ಸಾಲಿನವರಿಗೆ ಕಾಣುವುದಿಲ್ಲವೆಂದು ಅದನ್ನೇ ಇನ್ನೊಮ್ಮೆ ದಪ್ಪಗೆ ಬರೆಸಿಕೊಡುವುದು, ಅಷ್ಟೇ. ಮೂರು ವರ್ಷದಿಂದ ನೂರು ಸಲ ನೋಡಿದ ಅಂಕಿ ಅದು: ಮೈನಸ್ ಆರು ಪಾಯಿಂಟ್ ಒಂದು ಒಂದು ಎಂಟು ಮೂರು. ಮೂವತ್ತೆಂಟನೇ ಸುತ್ತಿಗೆ ಬಂದು ನಿಲ್ಲುತ್ತಿತ್ತು. ನಿಂತಿತೆಂದರೆ ಸಾಲಿನ ಕೊನೆಗೆ ಬಂದ ಎತ್ತು ನಿಂತ ಹಾಗೆ, ಬೆನ್ನು ತಟ್ಟಿದರೂ ಬಾಲ ತಿರುವಿದರೂ ಕದಲುತ್ತಿರಲಿಲ್ಲ. ಈಗ ಒದ್ದೆ ಕೈಯಲ್ಲಿ ಲೋಟ ಹಿಡಿದುಕೊಂಡೇ ಬಂದು ನೋಡಿದರೆ ಸ್ಕ್ರೀನಿನ ತುಂಬ ಬೇರೆ ಅಂಕಿ: ಮೈನಸ್ ಆರು ಪಾಯಿಂಟ್ ನಾಲ್ಕು ಸೊನ್ನೆ ಎರಡು ಎರಡು. ಯಾರೋ ಬಂದು ಮುಟ್ಟಿರಬೇಕು ಎಂದುಕೊಂಡಳು. ಪಟ್ಟಿಯನ್ನು ಮೇಲಕ್ಕೆ ಸರಿಸಿದಳು. ಮೂವತ್ತೆಂಟು, ನಲವತ್ತು, ಅರವತ್ತು, ಎಂಬತ್ತು, ಎಲ್ಲ ಕಡೆ ಅದೇ ಹಳೆಯ ಅಂಕಿ, ಹನ್ನೆರಡು ಸ್ಥಾನದವರೆಗೂ ಅಲುಗದೆ. ನೂರ ಒಂಬತ್ತನೇ ಸುತ್ತಿನಲ್ಲಿ ಕೊನೆಯ ಸ್ಥಾನ ಮಿಸುಕಿತ್ತು. ನೂರ ಹನ್ನೆರಡರಲ್ಲಿ ಅದರ ಹಿಂದಿನದು. ನೂರ ಹದಿನೆಂಟರ ಹೊತ್ತಿಗೆ ನೆಲವೇ ಬಾಯಿ ಬಿಟ್ಟ ಹಾಗೆ ಕೆಳಗಿಳಿದು, ಅಲ್ಲಿಂದ ಆರುನೂರರವರೆಗೂ ಹೊಸ ಜಾಗದಲ್ಲಿ ಅಷ್ಟೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಲೋಟದ ನೀರು ಚಪ್ಪಲಿಯ ಮೇಲೆ ತೊಟ್ಟಿಕ್ಕುತ್ತಿರುವುದನ್ನು ನೋಡುತ್ತ, ಸೊಂಟ ಮುರಿದ ಕುರ್ಚಿಯ ಬೆನ್ನು ಹಿಡಿದು ನಿಂತಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ನಾಲ್ಕು ಮೇಜು, ಎರಡು ಮಷೀನು, ಮೂಲೆಯಲ್ಲಿ ಮುದುಕನಂತೆ ಉಬ್ಬಸಪಡುವ ಫ್ಯಾನು. ಕಿಟಕಿಯಾಚೆ ಸೈಕಲ್ ನಿಲ್ಲಿಸುವ ಜಾಗ, ಅದರಾಚೆ ರಸ್ತೆ. ಇದೇ ಕೋಣೆಯಲ್ಲಿ ಅವಳನ್ನು ಎಲ್ಲರೂ ಟೀಚರಮ್ಮ ಎಂದು ಕರೆಯುವುದು. ಹದಿಮೂರು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ, ತಲೆಗೂದಲು ನೆರೆಯಲು ಶುರುವಾದ ಮೇಲೆ ಸಂಶೋಧನೆಗೆಂದು ಬಂದವಳು. ತನಗಿಂತ ಹತ್ತು ವರ್ಷ ಚಿಕ್ಕವರ ಪಕ್ಕ ಕೂತು ಕಲಿತು, ಪದವಿ ಪಡೆದು, ಇಲ್ಲೇ ಉಳಿದುಕೊಂಡವಳು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹೇಳುವ ಮಾತು ಅವಳಿಗೆ ಬಾಯಿಪಾಠವಾಗಿತ್ತು: ಪುಟ್ಟ ಪುಟ್ಟ ಕಾಂತಗಳು ಕೈ ಕೈ ಹಿಡಿದು ವೃತ್ತವಾಗಿ ನಿಂತಿವೆ ಅಂದುಕೊಳ್ಳಿ. ಒಂದೊಂದೂ ಮೇಲೆ ನೋಡಬಹುದು, ಕೆಳಗೆ ನೋಡಬಹುದು, ಕ್ವಾಂಟಮ್ ಲೋಕದಲ್ಲಿ ಎರಡನ್ನೂ ಬೆರೆಸಿ ನೋಡಬಹುದು. ಪಕ್ಕದವರ ಜೊತೆ ಜಗಳ, ಆಚೆಯವರ ಜೊತೆ ಸ್ನೇಹ. ಎಲ್ಲ ಎಳೆದಾಟ ಮುಗಿದು ಸರಪಳಿ ಅತ್ಯಂತ ಕಡಿಮೆ ಶಕ್ತಿಯಲ್ಲಿ ಸುಮ್ಮನಾಗುವ ಒಂದು ಸ್ಥಿತಿ ಇರುತ್ತದಲ್ಲ, ಅದೇ ತಳ. ಅದರ ಕೆಳಗೆ ಇನ್ನೇನೂ ಇಲ್ಲ. ನಾವು ಆ ತಳ ಹುಡುಕುತ್ತೇವೆ. ಕೊಕ್ಕರೆ ತನ್ನ ಹೊಸ ಬಗೆಯ ಸರಪಳಿಗೆ ಐದು ವರ್ಷ ಆ ತಳ ಹುಡುಕಿದ್ದ. ಎಂಟು ಕಾಂತ, ಹತ್ತು, ಹನ್ನೆರಡು, ಹದಿನಾಲ್ಕು, ಹೀಗೆ ಇಪ್ಪತ್ತರವರೆಗೆ. ಆಗ ಕಂಡದ್ದೊಂದು ಸೋಜಿಗ: ಶಕ್ತಿಯನ್ನು ಕಾಂತಕ್ಕೆ ಇಷ್ಟು ಎಂದು ಹಂಚಿ ನೋಡಿದರೆ, ನಾಲ್ಕರಿಂದ ಭಾಗವಾಗುವ ಸರಪಳಿಗಳೆಲ್ಲ ತಗ್ಗಿನಲ್ಲಿ ಕೂತರೆ, ಹತ್ತು, ಹದಿನಾಲ್ಕು, ಹದಿನೆಂಟು ಮಾತ್ರ ಎತ್ತರದಲ್ಲಿ. ಒಂದು ಮೇಲೆ, ಒಂದು ಕೆಳಗೆ, ಕುಂಟುವವನ ಹೆಜ್ಜೆಯ ಹಾಗೆ. ಅವನ ಮಾರ್ಗದರ್ಶಕರಾದ ಸರ್ ಅದಕ್ಕೆ ಕುಂಟು ಹೆಜ್ಜೆ ಎಂದೇ ಹೆಸರಿಟ್ಟು ಎರಡು ಊರಿನಲ್ಲಿ ಭಾಷಣ ಮಾಡಿ ಬಂದಿದ್ದರು. ಕೊಕ್ಕರೆಯ ಥೀಸಿಸ್ಸಿನ ಮೂರನೇ ಅಧ್ಯಾಯ, ನಡು ಅಧ್ಯಾಯ, ಬೆನ್ನುಮೂಳೆಯಂಥ ಅಧ್ಯಾಯ, ಅದೇ ಆಗಿತ್ತು. ಇವತ್ತು ಮಧ್ಯಾಹ್ನ ಎರಡೂವರೆಗೆ ಅವನ ವೈವಾ. ಪರೀಕ್ಷಕರು ನಿನ್ನೆಯೇ ರೈಲಿನಲ್ಲಿ ಬಂದಿಳಿದಿದ್ದರು. ಈಗ ಗಂಟೆ ಹತ್ತೂ ಇಪ್ಪತ್ತು.

ಕುಂಟುತ್ತಿದ್ದದ್ದು ಸರಪಳಿಯಲ್ಲ ಎಂದು ಅವಳಿಗೆ ಹೊಳೆದದ್ದು ಕೂತುಕೊಂಡ ಮೇಲೆ. ಹೊಳೆದದ್ದು ಎನ್ನುವುದಕ್ಕಿಂತ, ಬಾಗಿಲಲ್ಲಿ ನಿಂತಿದ್ದ ಯಾರನ್ನೋ ಇಷ್ಟು ಹೊತ್ತು ನೋಡದವಳ ಹಾಗೆ ಕೂತಿದ್ದಳು, ಈಗ ನೋಡಲೇಬೇಕಾಯಿತು. ತಳ ಹುಡುಕುವ ಲೆಕ್ಕ ಎಲ್ಲಿಂದಾದರೂ ಶುರುವಾಗಬೇಕು. ಒಂದು ಉದ್ದ ಪಟ್ಟಿಯ ತುಂಬ ಏನಾದರೂ ಅಂಕಿ ತುಂಬಿ ಕೊಡಬೇಕು, ಮಷೀನು ಸುತ್ತು ಸುತ್ತಿಗೂ ಅದನ್ನು ತಿದ್ದುತ್ತ ತಳದ ಕಡೆ ಇಳಿಯುತ್ತದೆ. ಪುಸ್ತಕಗಳೆಲ್ಲ ಆ ಪಟ್ಟಿಯನ್ನು ಕಣ್ಣು ಮುಚ್ಚಿ ಹಿಡಿಯಷ್ಟು ಬೀಜ ಎರಚಿದ ಹಾಗೆ ತುಂಬಿ ಎನ್ನುತ್ತವೆ. ಅವಳಿಗೆ ಅದು ಸೇರಿರಲಿಲ್ಲ. ಎರಚಿದ ಬೀಜ ಒಂದು ಸಲ ಬಿದ್ದ ಹಾಗೆ ಇನ್ನೊಂದು ಸಲ ಬೀಳುವುದಿಲ್ಲ, ಇಬ್ಬರ ಲೆಕ್ಕ ಸುತ್ತು ಸುತ್ತಿಗೂ ತಾಳೆ ನೋಡಲು ಬರುವುದಿಲ್ಲ. ಈ ಕೋಣೆಯಲ್ಲಿ ತಾಳೆ ನೋಡುವುದೇ ಒಂದು ವ್ರತವಾಗಿತ್ತು. ಇಲ್ಲಿಂದ ಹೊರಗೆ ಹೋಗುವ ಪ್ರತಿ ಅಂಕಿಯನ್ನೂ ಇನ್ನೊಬ್ಬರು ತಮ್ಮದೇ ಪ್ರೋಗ್ರಾಮು ಬರೆದು, ಮೊದಲಿನವರದ್ದನ್ನು ಇಣುಕದೆ, ಬೇರೆಯಾಗಿಯೇ ಮಾಡಿ ನೋಡಬೇಕು. ಮಾಡಿದವರು ನೀಲಿ ರಟ್ಟಿನ ಪುಸ್ತಕದಲ್ಲಿ ಸಹಿ ಹಾಕಬೇಕು. ಕೊಕ್ಕರೆಯ ಅಂಕಿಗಳಿಗೆಲ್ಲ ಸಹಿ ಅವಳದು. ಇಬ್ಬರೂ ಬೇರೆ ಬೇರೆ ಬರೆದದ್ದು ನಿಜ. ಆದರೆ ಅವನು ಬಂದ ಮೊದಲನೇ ವಾರ, ಪಟ್ಟಿಯಲ್ಲಿ ಏನು ತುಂಬಲಿ ಎಂದು ಕೇಳಿದಾಗ, ಎಲ್ಲ ಮನೆಯಲ್ಲೂ ಒಂದೊಂದು ಹಾಕಿಬಿಡಿ, ಯಾರಿಗೂ ಹೆಚ್ಚಿಲ್ಲ ಯಾರಿಗೂ ಕಡಿಮೆಯಿಲ್ಲ, ಎಂದು ಹೇಳಿಕೊಟ್ಟವಳೂ ಅವಳೇ. ಆ ಮಾತು ಹೇಳುವಾಗ ತನ್ನ ದನಿಯಲ್ಲಿದ್ದ ಸಂತೃಪ್ತಿ ಈಗ ಕಿವಿಯಲ್ಲಿ ಕೇಳಿಸಿ ಮೈ ಮುದುಡಿತು. ಹತ್ತು, ಹದಿನಾಲ್ಕು, ಹದಿನೆಂಟರ ನಿಜವಾದ ತಳ ಎಂಥದು ಎಂದರೆ, ವೃತ್ತವನ್ನು ಒಂದು ಮನೆ ಸರಿಸಿದರೆ ಅದರ ಪ್ಲಸ್ಸೆಲ್ಲ ಮೈನಸ್ಸು, ಮೈನಸ್ಸೆಲ್ಲ ಪ್ಲಸ್ಸು. ಅಂಥದ್ದನ್ನು ಎಲ್ಲರನ್ನೂ ಸಮನಾಗಿ ಕಾಣುವ ಪಟ್ಟಿಯಿಂದ ಅಳೆದರೆ ಅರ್ಧಕ್ಕೆ ಅರ್ಧ ಹೊಡೆದುಹೋಗಿ ಸೊನ್ನೆ ಉಳಿಯುತ್ತದೆ. ಅವಳ ಪಟ್ಟಿ ಆ ತಳವನ್ನು ನೋಡಲಾರದು. ಇಬ್ಬರ ಲೆಕ್ಕವೂ ಅದರ ತಲೆಯ ಮೇಲೇ ಮಂಚ ಹಾಕಿಕೊಂಡು ಮಲಗಿ, ಇದೇ ನೆಲ ಎಂದು ಸಹಿ ಹಾಕಿತ್ತು. ಇವತ್ತು ಅದು ಕುಸಿದದ್ದು ಯಾರ ಜಾಣತನದಿಂದಲೂ ಅಲ್ಲ. ಮಷೀನು ಪ್ರತಿ ಸುತ್ತಿನಲ್ಲೂ ಹದಿನಾರನೇ ಸ್ಥಾನದಾಚೆ ಕತ್ತರಿಸಿ ಬಿಸಾಡುವ ಹೊಟ್ಟಿದೆಯಲ್ಲ, ಆ ಹೊಟ್ಟಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಕಾಳು ನೂರು ಸುತ್ತು ನೀರು ಕಂಡು ಮೊಳೆತುಬಿಟ್ಟಿತ್ತು.

ಆದರೂ ಇನ್ನೊಂದು ಸಲ ನೋಡೋಣ ಎನ್ನುವ ಆಸೆ. ಹದಿನಾಲ್ಕರ ಪಟ್ಟಿಗೇ ಬೀಜ ಎರಚಿ ಅರವತ್ತೇ ಸುತ್ತು ಎಂದು ಎಣಿಸಿ ಎಣಿಸಿ ಒತ್ತಿದಳು. ಮೂವತ್ತನಾಲ್ಕನೇ ಸುತ್ತಿಗೇ ಮೈನಸ್ ಆರು ಪಾಯಿಂಟ್ ನಾಲ್ಕು ಸೊನ್ನೆ ಎರಡು ಎರಡು ಬಂದು, ಕಾಯುತ್ತ ಕೂತವರ ಹಾಗೆ ಕೂತಿತು. ಹತ್ತನ್ನು ಹಾಕಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ಅದೂ ಇಳಿಯಿತು. ಹದಿನೆಂಟನ್ನು ಹಾಕಿದಳು. ಅದು ದೊಡ್ಡದು, ಮಷೀನು ಹಳೆಯದು, ಒಂದೊಂದು ಸುತ್ತಿಗೂ ಉಸಿರೆಳೆದುಕೊಳ್ಳುತ್ತಿತ್ತು. ಕಾಯುವ ಹೊತ್ತಿನಲ್ಲಿ, ಯಾವ ದೇವರನ್ನೂ ಅಷ್ಟಾಗಿ ನೆನೆಯದವಳು, ಇದೊಂದು ಇಳಿಯದಿರಲಿ ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಿರುವುದು ಸುಳ್ಳು ಉಳಿಯಲಿ ಎಂದೇ ಅಲ್ಲವೇ ಎನ್ನಿಸಿತು. ಹದಿನೆಂಟೂ ಇಳಿಯಿತು. ಮೂರು ಅಂಕಿಗಳನ್ನೂ ಒಂದು ಕಾಗದದ ಚೂರಿನ ಮೇಲೆ ಬರೆದುಕೊಂಡಳು. ಯಾಕೆ ಬರೆದುಕೊಂಡೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಹೊಲದಲ್ಲಿ ಹಾವು ಕಂಡವರು ಅದರ ಉದ್ದ ಎಷ್ಟೆಂದು ನೆನಪಿಟ್ಟುಕೊಳ್ಳುವ ಹಾಗೆ ಬರೆದುಕೊಂಡಳು.

ಬಾಗಿಲು ದೂಡಿಕೊಂಡು ಕೊಕ್ಕರೆಯೇ ಬಂದ. ಅವನ ನಿಜವಾದ ಹೆಸರನ್ನು ಈ ಕೋಣೆಯಲ್ಲಿ ಯಾರೂ ಬಳಸಿ ವರ್ಷಗಳಾಗಿದ್ದವು. ಮೂವತ್ತನಾಲ್ಕು ವರ್ಷದ ಗಂಡಸು, ಮದುವೆಯಾದವನು, ಆದರೂ ಆ ಕತ್ತು ಮತ್ತು ಆ ಕಾಲುಗಳಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ. ಅವಳು ಸ್ಕ್ರೀನನ್ನು ಆರಿಸಿದಳು. ಕೈ ಆ ಕೆಲಸ ಮಾಡಿ ಮುಗಿಸಿದ ಮೇಲೆಯೇ ಅದು ಅವಳಿಗೆ ತಿಳಿದದ್ದು.

"ಟೀಚರಮ್ಮ, ಈ ಟೈ ನೋಡಿ. ಕತ್ತು ಹಿಸುಕಿದ ಹಾಗಾಗ್ತಿದೆ."

"ಹಿಸುಕೋಕೆ ನಿಮ್ಮ ಹತ್ರ ಬೇಕಾದಷ್ಟು ಕತ್ತಿದೆಯಲ್ಲ," ಎಂದಳು. ದಿನವೂ ಆಡುವ ಬಗೆಯ ಮಾತು, ತನ್ನಷ್ಟಕ್ಕೆ ತಾನೇ ಬಂತು. ಅವನು ನಕ್ಕ. ಅವನ ಹಿಂದೆ, ಹೊಸ್ತಿಲ ಆಚೆಯೇ, ಅವನ ತಾಯಿ ನಿಂತಿದ್ದರು. ಮಗನ ಮೊಣಕೈ ಎತ್ತರದ ಹೆಂಗಸು, ಕೈಯಲ್ಲೊಂದು ಬಟ್ಟೆಯ ಚೀಲ.

"ಒಳಗೆ ಬನ್ನಿ ಅಮ್ಮ, ಚಪ್ಪಲಿ ಬಿಡೋದೇನೂ ಬೇಡ," ಎಂದ ಕೊಕ್ಕರೆ. "ಇವರೇ ನಮ್ಮ ಟೀಚರಮ್ಮ."

"ಗೊತ್ತಾಯ್ತು ಬಿಡು, ಮುಖ ನೋಡಿದ್ರೇ ಗೊತ್ತಾಗತ್ತೆ," ಎಂದು ತಾಯಿ ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡರು. "ನಿನ್ನ ಬಗ್ಗೆನೇ ಹೇಳ್ತಿರ್ತಾನೆ ಕಣಮ್ಮ. ಟೀಚರಮ್ಮ ಒಂದು ಸಲ ನೋಡಿದ್ರು ಅಂದ್ರೆ ಮುಗೀತು, ಆಮೇಲೆ ಅದ್ರಲ್ಲಿ ದೇವರೂ ತಪ್ಪು ಹುಡುಕೋಕಾಗಲ್ಲ ಅಂತಾನೆ. ಅದಿರ್ಲಿ, ಇವನು ಇಷ್ಟು ವರ್ಷ ಏನು ಮಾಡ್ದ ಅಂತ ನೀನಾದ್ರೂ ಹೇಳು. ಇವನನ್ನ ಕೇಳಿದ್ರೆ ತಳ ಹುಡುಕ್ತಾ ಇದೀನಿ ಅಂತಾನೆ. ಜೀವಮಾನವೆಲ್ಲ ಪಾತ್ರೆ ತೊಳೆದೋಳು ನಾನು, ತಳ ಎಲ್ಲಿರತ್ತೆ ಅಂತ ನಂಗೊತ್ತಿಲ್ವಾ?"

ಕೊಕ್ಕರೆ ಜೋರಾಗಿ ನಕ್ಕ. ಟೀಚರಮ್ಮನೂ ನಕ್ಕಳು. ಆ ಮುದುಕಿಯ ಅಂಗೈ ಒರಟಾಗಿ ಬೆಚ್ಚಗಿತ್ತು, ಅವಳ ಕೈ ಐಸಿನ ಹಾಗಿತ್ತು. "ಕೈಯೇನಮ್ಮ ಇಷ್ಟು ತಣ್ಣಗೆ, ಪರೀಕ್ಷೆ ನಿಂದೋ ಇವಂದೋ?" ಎಂದರು ತಾಯಿ. ಚಿತ್ರ ದಪ್ಪಗೆ ಬಂತಾ ಎಂದು ಕೊಕ್ಕರೆ ಕೇಳಿದ. ಬರ್ತಾ ಇದೆ, ನೀವು ಹೋಗಿ, ಕಳಿಸ್ತೀನಿ, ಎಂದಳು. ಅವರು ಹೋದ ಮೇಲೆ, ಹಳೆಯ ಅಂಕಿಯನ್ನೇ ದಪ್ಪ ಗೆರೆಯಲ್ಲಿ ಬರೆಸಿ ಅವನಿಗೆ ಕಳಿಸಿದಳು. ಕಳಿಸಿದಳು. ಅದನ್ನು ಮಾಡುವಾಗ ಯಾರೂ ಅವಳ ಕೈ ಹಿಡಿದಿರಲಿಲ್ಲ.

ಸರ್‌ಗೆ ಹೇಳಿಬಿಟ್ಟರೆ ಭಾರ ಅವರದಾಗುತ್ತದೆ. ಹೆಗಲಿನಿಂದ ಹೆಗಲಿಗೆ ಮೂಟೆ ದಾಟಿಸುವುದು, ಅಷ್ಟೇ. ಮೆಟ್ಟಿಲು ಹತ್ತುತ್ತ ವಾಕ್ಯವನ್ನು ಜೋಡಿಸಿಕೊಂಡಳು: ಸರ್, ಹದಿನಾಲ್ಕರ ಲೆಕ್ಕದಲ್ಲಿ ಒಂದು ತೊಂದರೆ ಕಾಣಿಸ್ತಿದೆ. ತೊಂದರೆ ಎಂಬ ಮಾತನ್ನು ಎಷ್ಟು ಚೆನ್ನಾಗಿ ಆರಿಸಿಕೊಂಡಿದ್ದೇನೆ, ಮಳೆ ಬರುವ ಹಾಗಿದೆ ಎಂದಂತೆ, ಯಾರ ತಪ್ಪೂ ಅಲ್ಲ ಎಂದಂತೆ. ಸರ್ ಕೋಣೆಯ ನಡುವೆ ನಿಂತು ಕೋಟಿನ ತೋಳಿಗೆ ಅಂಟಿದ್ದ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಅರವತ್ತನಾಲ್ಕು ವರ್ಷ, ಇದು ಅವರ ಕೊನೆಯ ವಿದ್ಯಾರ್ಥಿಯ ವೈವಾ. ಪರೀಕ್ಷಕರು ಊಟಕ್ಕೆ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಫೋನಿನಲ್ಲಿ ಯಾರಿಗೋ ಹೇಳಿ ಮುಗಿಸಿ ಅವಳ ಕಡೆ ತಿರುಗಿದರು. ಅವಳ ಮುಖ ನೋಡಿದರು. ಮೂವತ್ತೈದು ವರ್ಷ ತಪ್ಪು ಲೆಕ್ಕ ಹೊತ್ತು ಬರುವವರ ಮುಖಗಳನ್ನು ನೋಡಿದವರು ಅವರು.

"ಸರ್, ಹದಿನಾಲ್ಕರ..."

"ಟೀಚರ್," ಎಂದರು ಅವರು ಕೈಯೆತ್ತಿ. ದನಿ ಏರಿಸಲಿಲ್ಲ. "ಏನೇ ಇರಲಿ, ನಾಲ್ಕು ಗಂಟೆ ಮೇಲೆ ಹೇಳಿ."

"ಸರ್, ಅದು ಸಣ್ಣ ವಿಷಯ ಅಲ್ಲ."

"ಸಣ್ಣದಲ್ಲದಿದ್ರೆ ನಾಲ್ಕು ಗಂಟೆ ತನಕ ಸಾಯಲ್ಲ ಬಿಡಿ." ಇನ್ನೊಂದು ಎಳೆ ಕಿತ್ತು, ಬೆಳಕಿಗೆ ಹಿಡಿದು ನೋಡಿ, ಊದಿ ಹಾರಿಸಿದರು. "ನೀವು ನನಗೇನೂ ಹೇಳಿಲ್ಲ, ನಾನೂ ಏನೂ ಕೇಳಿಲ್ಲ. ಎರಡೂವರೆಗೆ ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ನಿಮ್ಮನ್ನ ನೋಡಿದ್ರೆ ಅವನಿಗೆ ಧೈರ್ಯ."

ಹೊರಗೆ ಬಂದು ಗೋಡೆಗೆ ಒರಗಿದಾಗ ಅವಳಿಗೆ ಮೊದಲು ಅನ್ನಿಸಿದ್ದು ಬಿಡುಗಡೆ. ಹೇಳಲು ಹೋದೆ, ಬೇಡ ಎಂದರು. ಆ ಬಿಡುಗಡೆ ಕಾರಿಡಾರಿನ ಕೊನೆಯವರೆಗೂ ಬಾಳಲಿಲ್ಲ. ರಸ್ತೆಗೆ ಇಳಿದಳು. ಕಟ್ಟಡದ ಹಿಂದಿನ ರಸ್ತೆಯಲ್ಲಿ ಒಂದು ಬಟ್ಟೆ ಇಸ್ತ್ರಿಯ ಅಂಗಡಿ, ಒಂದು ಔಷಧದ ಅಂಗಡಿ, ಹಲ್ಲಿನ ಡಾಕ್ಟರ ಬೋರ್ಡು. ಎದುರಿಗೆ ಬಂದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿ ಮರದ ನೆರಳಿಗೆ ಸರಿದು ಗಂಡನಿಗೆ ಫೋನು ಮಾಡಿದಳು. ಅವನದು ಗೇಟು, ಕಿಟಕಿ ಸರಳು ಬೆಸೆಯುವ ಕೆಲಸ. ಹಿಂದೆ ಕಬ್ಬಿಣ ಉಜ್ಜುವ ಕಿರಿಚು. ಅವಳು ಹೇಳಿದ್ದು ಅವನಿಗೆ ಕಾಲು ಭಾಗ ಕೇಳಿಸಿರಬೇಕು, ಅರ್ಥವಾದದ್ದು ಅದರಲ್ಲಿ ಕಾಲು ಭಾಗ.

"ನಂಬರ್ ತಾನೆ?" ಎಂದ. "ಯಾರದಾದ್ರೂ ಕಾಲು ಮುರೀತಾ? ನಾನು ಒಂದು ಬೆಸುಗೆ ಬಿಟ್ರೆ ಗೇಟು ಬೀಳತ್ತೆ. ನಿಮ್ಮದು ಬೀಳೋಕೆ ಏನಿದೆ ಅಲ್ಲಿ? ಊಟ ಮಾಡಿದ್ಯಾ?"

"ಮಾಡ್ದೆ," ಎಂದು ಸುಳ್ಳು ಹೇಳಿ ಇಟ್ಟಳು. ಬೀಳೋಕೆ ಏನಿದೆ? ನಿಜವೇ. ಯಾವ ಸೇತುವೆಯೂ ಆ ಅಂಕಿಯ ಮೇಲೆ ನಿಂತಿರಲಿಲ್ಲ. ಜಗತ್ತಿನಲ್ಲಿ ಆ ಅಧ್ಯಾಯ ಓದುವವರು ಹೆಚ್ಚೆಂದರೆ ನಲವತ್ತು ಜನ. ಹಾಗಾದರೆ ಈ ಎದೆ ಹೀಗೇಕೆ ಬಡಿದುಕೊಳ್ಳುತ್ತಿದೆ? ನೆನಪಾದದ್ದು ಹಳೆಯ ಶಾಲೆಯ ಆರನೇ ತರಗತಿಯ, ಮೂರನೇ ಬೆಂಚಿನ ಎರಡು ಜಡೆಯ ಹುಡುಗಿ. ಭಿನ್ನರಾಶಿಯ ಲೆಕ್ಕ. ಹುಡುಗಿ ಉತ್ತರ ಬರೆದಿದ್ದಳು, ದಾರಿ ಮಾತ್ರ ಬೇರೆ, ಟೀಚರಮ್ಮ ಹೇಳಿಕೊಟ್ಟದ್ದಲ್ಲ. ಕೆಂಪು ಶಾಯಿಯಲ್ಲಿ ಅಡ್ಡ ಎಳೆದು ಎಲ್ಲರೆದುರು ನಿಲ್ಲಿಸಿ, ಯಾರದನ್ನ ನೋಡಿ ಬರೆದೆ, ಎಂದು ಕೇಳಿದ್ದಳು. ಹುಡುಗಿ ಉತ್ತರ ಕೊಡಲಿಲ್ಲ, ಅಳಲೂ ಇಲ್ಲ, ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲಿನ ಒಂದು ಗಂಟನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದಳು. ಸಂಜೆ ಪಾತ್ರೆ ಒಲೆಯ ಮೇಲಿಟ್ಟು ಪುಸ್ತಕ ತೆರೆದಾಗ ಗೊತ್ತಾಗಿತ್ತು, ಆ ದಾರಿಯೂ ಸರಿ, ತನ್ನ ದಾರಿಗಿಂತ ಹತ್ತಿರದ್ದು. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಹುಡುಗಿ ತಲೆ ಎತ್ತಿ ನೋಡಲಿಲ್ಲ. ಆಮೇಲೆ ಹೇಳುವುದಕ್ಕೆ ತಡವಾಯಿತು ಎನ್ನಿಸಿತು. ಆಮೇಲೆ ಹುಡುಗಿಗೆ ಮರೆತಿರಬಹುದು ಎನ್ನಿಸಿತು. ಪರೀಕ್ಷೆಯಲ್ಲಿ ಆ ಹುಡುಗಿ ಟೀಚರಮ್ಮನ ದಾರಿಯಲ್ಲೇ ಲೆಕ್ಕ ಮಾಡಿ, ಒಂದು ಕೂಡುವಿಕೆಯಲ್ಲಿ ಎಡವಿ, ತಪ್ಪು ಉತ್ತರ ಬರೆದಿದ್ದಳು. ಅದಕ್ಕೂ ಅವಳು ಅಡ್ಡ ಎಳೆದಿದ್ದಳು. ಎಲ್ಲರಿಗೂ ಸಮ, ಎನ್ನುವುದು ಆಗಲೂ ಅವಳ ಬಾಯಲ್ಲಿದ್ದ ಮಾತು. ಆ ಶಾಲೆ ಬಿಟ್ಟಾಗ ಜನ, ಎಷ್ಟು ಧೈರ್ಯ ನಿಂದು, ಈ ವಯಸ್ಸಲ್ಲಿ, ಎಂದಿದ್ದರು. ಧೈರ್ಯವಲ್ಲ ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಜೀವಂತ ಮಕ್ಕಳ ಮೇಲೆ ಕೆಂಪು ಗೆರೆ ಎಳೆಯುವುದಕ್ಕಿಂತ, ಯಾರಿಗೂ ನೋವಾಗದ ಅಂಕಿಗಳ ನಡುವೆ ಅಡಗಿ ಕೂರೋಣ ಎಂದು ಓಡಿ ಬಂದವಳು. ಅಂಕಿಗಳ ನಡುವೆಯೂ ಒಬ್ಬ ಮನುಷ್ಯ ಸಿಕ್ಕಿದ, ಟೈ ಕಟ್ಟಿಕೊಂಡು. ಇಸ್ತ್ರಿ ಅಂಗಡಿಯವನು, ಏನಮ್ಮಾ, ಯಾರನ್ನಾದ್ರೂ ಹುಡುಕ್ತಾ ಇದೀರಾ, ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ, ಬಂದ ದಾರಿಯಲ್ಲೇ ಬೇಗ ಬೇಗ ನಡೆದಳು. ಮುಷ್ಟಿಯೊಳಗಿನ ಕಾಗದ ಬೆವರಿಗೆ ಮೆತ್ತಗಾಗಿತ್ತು.

ಒಂದೂ ಐವತ್ತು. ಕೊಕ್ಕರೆ ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ತುಟಿಯಲ್ಲೇ ತನ್ನ ಮಾತನ್ನು ಒಪ್ಪಿಸಿಕೊಳ್ಳುತ್ತಿದ್ದ. ಅವಳ ಹೆಜ್ಜೆ ಕೇಳಿ ತಿರುಗಿ, "ಪರೀಕ್ಷಕರು ಮೂರನೇ ಅಧ್ಯಾಯ ಎರಡು ಸಲ ಓದಿದಾರಂತೆ! ಸರ್ ಹೇಳಿದ್ರು," ಎಂದ. ಅವನ ಮುಖದಲ್ಲಿದ್ದ ಸಂತೋಷ ನೋಡಿ ಅವಳಿಗೆ ಅವನ ಮೇಲೇ ಸಿಟ್ಟು ಬಂದಂತಾಯಿತು, ಇಷ್ಟು ಸುಲಭವಾಗಿ ನನ್ನನ್ನು ಯಾಕೆ ನಂಬಿದೆ ಎಂಬ ಸಿಟ್ಟು. ಹಿಡಿದುಕೊಳ್ಳಲು ಏನಾದರೂ ಬೇಕಿತ್ತು, ಕಂಬಿ ಹಿಡಿದುಕೊಂಡಳು.

"ಹದಿನಾಲ್ಕು ಕೆಳಗೆ ಇಳೀತು," ಎಂದಳು.

"ಏನು?"

"ಸುತ್ತು ಜಾಸ್ತಿ ಕೊಟ್ಟೆ. ಕೈ ತಪ್ಪಿ. ನೂರು ದಾಟಿದ ಮೇಲೆ ಇಳೀತು. ಬೇರೆ ಪಟ್ಟಿಯಿಂದ ಶುರು ಮಾಡಿದ್ರೆ ಮೂವತ್ತನಾಲ್ಕಕ್ಕೇ ಇಳಿಯತ್ತೆ."

ಯಾರಾದರೂ ತೀರಿಕೊಂಡ ಸುದ್ದಿ ಕೇಳಿದವರು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ, "ಎಷ್ಟಕ್ಕೆ?" ಎಂದ.

"ಮೈನಸ್ ಆರು ಪಾಯಿಂಟ್ ನಾಲ್ಕು ಸೊನ್ನೆ ಎರಡು ಎರಡು."

ಅವನ ತುಟಿ ಅಲುಗಿತು. ಹದಿನಾಲ್ಕರಿಂದ ಭಾಗಿಸುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು, ತಾನೂ ಹಾಗೇ ಮಾಡಿದ್ದಳಲ್ಲ. "ಹನ್ನೆರಡಕ್ಕೂ ಹದಿನಾರಕ್ಕೂ ನಡುವೆ ಕೂತ್ಕೊಳ್ಳತ್ತೆ," ಎಂದ ನಿಧಾನವಾಗಿ. "ನೆಟ್ಟಗೆ. ಗೆರೆ ಮೇಲೇ."

"ಹೌದು."

"ಹಾಗಾದ್ರೆ ಕುಂಟು ಇಲ್ಲ."

"ಇಲ್ಲ."

"ಮೂರನೇ ಅಧ್ಯಾಯ ಇಲ್ಲ."

ಕೆಳಗಿನ ಮಹಡಿಯಲ್ಲಿ ಯಾರೋ ಕುರ್ಚಿಗಳನ್ನು ಎಳೆದು ಜೋಡಿಸುತ್ತಿದ್ದರು. "ಆ ಒಂದೊಂದು," ಎಂದ ಅವನು ತನಗೇ ಹೇಳಿಕೊಳ್ಳುವ ಹಾಗೆ. "ಎಲ್ಲ ಮನೆಗೂ ಒಂದೊಂದು. ಅದರ ಕಣ್ಣಿಗೆ ಇದು ಬೀಳೋದೇ ಇಲ್ಲ, ಅಲ್ವಾ? ಅಯ್ಯೋ. ಎಷ್ಟು ಸುಲಭ." ಒಂದು ಗಳಿಗೆ ಅವನ ಮುಖದ ಮೇಲೆ ಬೇರೆಯೇ ಒಂದು ಬೆಳಕು, ಲೆಕ್ಕ ಬಿಡಿಸಿದವನ ಬೆಳಕು, ಬಂದು ಹೋಯಿತು. ಆಮೇಲೆ ಕಣ್ಣು ಅವಳ ಮೇಲೆ ನಿಂತಿತು. "ಯಾವಾಗ ಗೊತ್ತಾಯ್ತು ನಿಮಗೆ?"

"ಬೆಳಿಗ್ಗೆ. ಹತ್ತೂವರೆಗೆ."

"ನಾನು ಬಂದು ಟೈ ತೋರಿಸ್ದಾಗ?"

ಅವಳು ಮುಷ್ಟಿಯೊಳಗಿನ ಕಾಗದ ನೋಡಿಕೊಂಡಳು.

"ನಮ್ಮಮ್ಮ ನಿಮ್ಮ ಕೈ ಹಿಡ್ಕೊಂಡಿದ್ದಾಗ? ಆಮೇಲೆ ಆ ಚಿತ್ರ ಕಳಿಸಿದ್ರಲ್ಲ, ದಪ್ಪ ಗೆರೇದು, ಅದೂ ಗೊತ್ತಿದ್ದೇ ಕಳಿಸಿದ್ದಾ?"

"ಹೆದರಿಕೆಯಾಯ್ತು," ಎಂದಳು. ನಲವತ್ತಾರು ವರ್ಷದ ಹೆಂಗಸಿನ ಬಾಯಿಂದ ಆ ಮಾತು ಎಷ್ಟು ಬರಿಗೈಯಲ್ಲಿ ಬಂದು ನಿಂತಿತೆಂದರೆ, ಅವನು ಮುಖ ಬೇರೆ ಕಡೆ ತಿರುಗಿಸಿದ. "ಸರ್‌ಗೆ ಹೇಳೋಕೆ ಹೋದೆ. ನಾಲ್ಕು ಗಂಟೆ ಮೇಲೆ ಅಂದ್ರು. ಉಳಿದಿದ್ದನ್ನೂ ನೋಡಿದೀನಿ, ಎಲ್ಲ ಇದ್ರಲ್ಲಿದೆ, ತಗೊಳ್ಳಿ." ಕಾಗದ ಚಾಚಿದಳು.

ಅವನು ತೆಗೆದುಕೊಳ್ಳಲಿಲ್ಲ. ಟೈಯ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ಸಡಿಲ ಮಾಡಿಕೊಳ್ಳಲು ನೋಡಿದ, ಅದು ಇನ್ನೂ ಬಿಗಿಯಾಯಿತು. "ನಾನೇನು ಮಾಡ್ಲಿ ಅಂತ ಹೇಳ್ತಿದೀರ? ಹೇಳು ಅಂತಾನಾ, ಬಿಡು ಅಂತಾನಾ?"

"ಗೊತ್ತಿಲ್ಲ."

"ಇಷ್ಟು ದಿನ ಎಲ್ಲದಕ್ಕೂ ಗೊತ್ತಿರ್ತಿತ್ತಲ್ಲ ನಿಮಗೆ." ಮೆಟ್ಟಿಲಿಳಿಯತೊಡಗಿದ. ಉದ್ದ ಕಾಲಿನವನು, ಯಾವಾಗಲೂ ಎರಡೆರಡು ಮೆಟ್ಟಿಲು ಹಾರುವವನು, ಈಗ ಒಂದೊಂದನ್ನೇ ಮುಟ್ಟಿ ಇಳಿದ. ತಿರುವಿನಲ್ಲಿ ನಿಂತು, ತಲೆ ಎತ್ತದೆ, "ನೀವು ಒಳಗೆ ಬರಬೇಡಿ ಟೀಚರಮ್ಮ," ಎಂದ.

ಹಾಗಾಗಿ ಎರಡೂವರೆಗೆ ಬಾಗಿಲು ಮುಚ್ಚಿದಾಗ ಅವಳು ಹೊರಗೇ ಇದ್ದಳು. ಕಾರಿಡಾರಿನ ಬೆಂಚಿನಲ್ಲಿ ಅವನ ತಾಯಿಯೂ ಕೂತಿದ್ದರು. ಒಳಗೆ ಬನ್ನಿ ಎಂದು ಎಲ್ಲರೂ ಕರೆದರೂ, ನನ್ನ ಮುಖ ಕಂಡ್ರೆ ಅವನ ಮಾತು ತೊದಲತ್ತೆ, ಚಿಕ್ಕಂದಿನಿಂದ್ಲೂ ಹಾಗೇ, ಎಂದು ಉಳಿದುಬಿಟ್ಟಿದ್ದರು. "ನೀನೂ ಅದಕ್ಕೇ ಹೋಗಿಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮತ್ತೆ ಅವಳ ಕೈ ಎಳೆದು ಮಡಿಲಲ್ಲಿಟ್ಟುಕೊಂಡರು. ಬಾಗಿಲ ಸಂದಿಯಿಂದ ದನಿಗಳು ಬರುತ್ತಿದ್ದವು, ಮಾತು ಪೂರ್ತಿ ಬಿಡಿಸಿ ಕೇಳಿಸದ ಹಾಗೆ. ಸರ್ ಏನೋ ಹೇಳಿದರು, ಪರೀಕ್ಷಕರ ಕೆಮ್ಮು, ಒಂದು ನಗು. ಕೊಕ್ಕರೆಯ ದನಿ ಶುರುವಾಯಿತು. ಮೊದಲನೇ ಅಧ್ಯಾಯ. ಅವಳಿಗೆ ಅವನ ಮಾತೆಲ್ಲ ಬಾಯಿಪಾಠವಾಗಿತ್ತು, ದನಿ ಏರುವ ಇಳಿಯುವ ರೀತಿಯಿಂದಲೇ ಎಲ್ಲಿದ್ದಾನೆಂದು ಗೊತ್ತಾಗುತ್ತಿತ್ತು. ಹೇಳದಿರಲಿ ಎಂದು ಒಮ್ಮೆ ಅನ್ನಿಸಿತು. ಹೇಳದಿದ್ದರೆ ಜೀವನಪೂರ್ತಿ ಇಬ್ಬರೂ ಕಾರಿಡಾರಿನಲ್ಲಿ ಎದುರು ಬದುರಾದಾಗ ಗೋಡೆ ನೋಡಿಕೊಂಡು ಹೋಗಬೇಕು ಎಂದು ಇನ್ನೊಮ್ಮೆ. ಎರಡನೇ ಅಧ್ಯಾಯ ಮುಗಿಯಿತು. ಈಗ ಇಲ್ಲಿ ಅವನು ಒಂದು ತಮಾಷೆ ಹೇಳಬೇಕು, ಕುಂಟುವವನ ಬಗ್ಗೆ, ಅವಳೇ ಹೇಳಿಕೊಟ್ಟದ್ದು, ಎಲ್ಲರೂ ನಗಬೇಕು. ಯಾರೂ ನಗಲಿಲ್ಲ. ಅವನ ದನಿ ತಗ್ಗಿತು, ಎರಡು ಮೂರು ವಾಕ್ಯದಷ್ಟು ಗುಣುಗುಣು. ಆಮೇಲೆ ಅದೂ ನಿಂತಿತು. ಕುರ್ಚಿಯೊಂದು ಕಿರುಗುಟ್ಟಿತು.

"ಯಾಕಮ್ಮ, ಎಲ್ಲ ಸುಮ್ಮನಾಗಿಬಿಟ್ರು?" ಎಂದರು ತಾಯಿ.

"ಒಂದು ಲೆಕ್ಕ ತಪ್ಪಾಗಿದೆ ಅಮ್ಮ. ಅದನ್ನ ಹೇಳಿದಾನೆ."

"ಇವನು ತಪ್ಪು ಮಾಡಿದಾನಾ?"

"ನಾನು ಹೇಳಿಕೊಟ್ಟಿದ್ದು. ತಪ್ಪು ನನ್ನದು."

ತಾಯಿ ಅವಳ ಕೈ ಬಿಟ್ಟರು. ಸಿಟ್ಟಿನಿಂದ ಬಿಡಲಿಲ್ಲ. ಅರ್ಥವಾಗದ್ದನ್ನು ಕೆಳಗಿಟ್ಟು ನೋಡುವವರ ಹಾಗೆ ಬಿಟ್ಟು, ಅವಳ ಮುಖವನ್ನೇ ನೋಡಿದರು. "ಮತ್ತೆ ನೀನ್ಯಾಕಮ್ಮ ಇಲ್ಲಿ ಕೂತಿದೀಯ?" ಎಂದರು.

ಅವಳು ಎದ್ದು ಹೋಗಿ ದೂಡಿದಳು, ಬಾಗಿಲು ಒಳಕ್ಕೆ ತೆರೆಯಿತು. ಹಿಂದಿನ ಸಾಲಿನವರು ತಿರುಗಿ ನೋಡಿದರು. ಸರ್ ನೋಡಿದರು, ನೋಡಿದ ಕೂಡಲೇ ಕಣ್ಣು ಮುಚ್ಚಿಕೊಂಡರು. ಕೊಕ್ಕರೆ ಬೋರ್ಡಿನ ಕಡೆ ತಿರುಗಿ ಬೆನ್ನು ಮಾಡಿ ನಿಂತಿದ್ದ, ಕೈಯಲ್ಲಿ ಸೀಮೆಸುಣ್ಣ. ಬೋರ್ಡಿನ ಮೇಲೆ ಹತ್ತು, ಹದಿನಾಲ್ಕು, ಹದಿನೆಂಟು ಎಂದು ಒಂದರ ಕೆಳಗೊಂದು. ಹದಿನಾಲ್ಕರ ಎದುರಿಗೆ ಮಾತ್ರ ಅಂಕಿ, ಉಳಿದೆರಡರ ಎದುರು ಖಾಲಿ. "ಸರಿ, ಒಪ್ಪಿದೆ," ಎನ್ನುತ್ತಿದ್ದರು ದಪ್ಪ ಕನ್ನಡಕದ ಪರೀಕ್ಷಕರು, ಬೇಸರವೋ ಕುತೂಹಲವೋ ಹೇಳಲಾಗದ ದನಿಯಲ್ಲಿ. "ಒಂದೇ ಅಂಕಿ ಇಟ್ಕೊಂಡು ನಾನೇನು ಮಾಡ್ಲಿ? ಮಿಕ್ಕಿದ್ದು ಎಷ್ಟು ಬರತ್ತೆ ಅಂತ ಗೊತ್ತಾ ನಿಮಗೆ, ಇಲ್ವಾ?"

ಕೊಕ್ಕರೆಯ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

"ನನ್ನ ಹತ್ರ ಇದೆ," ಎಂದಳು ಅವಳು.

"ನೀವು ಯಾರು?"

"ಈ ಅಂಕಿಗಳನ್ನ ಎರಡನೇ ಸಲ ಮಾಡಿ ನೋಡಿ, ಸರಿಯಾಗಿದೆ ಅಂತ ಸಹಿ ಹಾಕಿದವಳು. ಎಲ್ಲಿಂದ ಶುರು ಮಾಡ್ಬೇಕು ಅಂತ ಇವರಿಗೆ ಹೇಳಿಕೊಟ್ಟವಳೂ ನಾನೇ." ಕಾಗದ ಬಿಡಿಸಿದಳು, ಮಡಿಕೆಯಲ್ಲಿ ಶಾಯಿ ಕದಡಿತ್ತು, ಆದರೂ ಓದಲು ಬರುತ್ತಿತ್ತು. "ಹತ್ತಕ್ಕೆ, ಮೈನಸ್ ನಾಲ್ಕು ಪಾಯಿಂಟ್ ಆರು ಒಂದು ಐದು ಸೊನ್ನೆ."

ಬೋರ್ಡಿನೆದುರಿಗಿನ ಉದ್ದ ಕೈ ಒಂದು ಗಳಿಗೆ ಹಾಗೇ ಕೆಳಗೆ ಜೋತುಬಿದ್ದಿತ್ತು. ಆಮೇಲೆ ಮೇಲೆದ್ದು ಬರೆಯಿತು. ಮೈನಸ್, ನಾಲ್ಕು, ಚುಕ್ಕಿ, ಆರು, ಒಂದು, ಐದು, ಸೊನ್ನೆ. ಸೀಮೆಸುಣ್ಣ ಬೋರ್ಡಿನ ಮೇಲೆ ಕಿರುಗುಟ್ಟುವ ಸದ್ದೊಂದೇ. ಬರೆದು ಮುಗಿಸಿದವನು ತಿರುಗಿ ನೋಡಲಿಲ್ಲ. ಕೈಯನ್ನು ಕೆಳಗಿನ ಸಾಲಿಗೆ ಇಳಿಸಿ, ಅಲ್ಲೇ ಹಿಡಿದು ನಿಂತ.

"ಹದಿನೆಂಟಕ್ಕೆ?" ಎಂದ.